ಸಾಧನೆ ಮುಗಿದ ಬಗ್ಗೆ ಪ್ರಮಾಣಪತ್ರ

ಸಿಂಹಾವಲೋಕನ ಪ್ರದರ್ಶನಕ್ಕೆ ಅರ್ಜಿ ಹಾಕುವ ಕಲಾವಿದರ ಸಾಧನೆ ಪೂರ್ತಿ ಮುಗಿದಿರತಕ್ಕದ್ದು. ಇದು ನಮ್ಮ ದೃಶ್ಯಕಲಾ ನಿರ್ದೇಶನಾಲಯದ ನಾಲ್ಕನೆಯ ನಿಯಮ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಇನ್ನೂ ನಡೆಯುತ್ತಿರುವುದನ್ನು ಹಿಂತಿರುಗಿ ನೋಡಲು ಹೋದರೆ, ನೋಡುತ್ತಿರುವಾಗಲೇ ಅದು ಮುಂದಕ್ಕೆ ಹೋಗಿರುತ್ತದೆ. ಕೃತಿಗಳ ಪಟ್ಟಿ ತಪ್ಪುತ್ತದೆ, ಪ್ರದರ್ಶನಕ್ಕೆಂದು ಅಚ್ಚಾದ ಪುಸ್ತಕ ಮೂಲೆ ಸೇರುತ್ತದೆ. ನಿಯಮ ಮಾಡಿದವರ ತಲೆಯಲ್ಲಿ ಮಿದುಳಿತ್ತು.

ಸಾಧನೆ ಮುಗಿದಿದೆ ಎಂದು ತೋರಿಸಲು ಎರಡು ದಾರಿಗಳಿವೆ. ಒಂದು, ಕಲಾವಿದರು ತೀರಿಕೊಂಡಿರಬೇಕು. ಆಗ ವೈದ್ಯರ ಪತ್ರ ಲಗತ್ತಿಸಿದರೆ ಸಾಕು, ಕಲಾವಿದರು ಖುದ್ದಾಗಿ ಬರಬೇಕಾಗಿಲ್ಲ. ಎರಡು, ಬದುಕಿದ್ದರೆ ನಮೂನೆ ಒಂಬತ್ತರಲ್ಲಿ "ನನ್ನ ಸಾಧನೆ ಮುಗಿದಿದೆ" ಎಂದು ಸ್ವಂತ ಕೈಯಿಂದ ಬರೆದು ಸಹಿ ಮಾಡಬೇಕು. ಹೆಚ್ಚಿನವರು ಮೊದಲನೆಯ ದಾರಿಯಲ್ಲೇ ಬರುತ್ತಾರೆ. ನಾನು ಇಲ್ಲಿ ಮೇಲ್ವಿಚಾರಕನಾಗಿ ಇಪ್ಪತ್ತಾರು ವರ್ಷ ಸವೆಸಿದ್ದೇನೆ, ಎರಡನೆಯ ದಾರಿ ಹಿಡಿದವರನ್ನು ಕಂಡದ್ದು ಒಬ್ಬರನ್ನೇ. ಅವರ ಕಥೆ ಇದು. ಕಥೆ ಅಂದೆ, ತಪ್ಪಾಯಿತು. ವರದಿ.

ಅರ್ಜಿದಾರರಿಗೆ ಐವತ್ತೆಂಟು ವರ್ಷ. ಕಲಾಶಾಲೆ ಬಿಟ್ಟ ಮೇಲಿನ ಮೂವತ್ತೈದು ವರ್ಷದಲ್ಲಿ ಒಂದು ದಿನ ಸುಮ್ಮನೆ ಕೂತವರಲ್ಲ. ಮೊದಲು ಇದ್ದಿಲಿನಲ್ಲಿ ಚಿತ್ರ ಬರೆದರು, ಆಮೇಲೆ ತೈಲವರ್ಣದಲ್ಲಿ. ಅಷ್ಟಕ್ಕೇ ನಿಂತಿದ್ದರೆ ನಮಗೂ ಅವರಿಗೂ ಸುಖವಿತ್ತು. ಯಾರ ದೃಷ್ಟಿ ತಾಗಿತೋ ಏನೋ, ಬಣ್ಣ ಬಿಟ್ಟು ಜೇಡಿಮಣ್ಣಿಗೆ ಕೈ ಹಾಕಿದರು, ಮಣ್ಣು ಬಿಟ್ಟು ತಂತಿಗೆ, ತಂತಿ ಬಿಟ್ಟು ನೂಲಿಗೆ. ಸಾಬೂನಿನಲ್ಲಿ ಆಳೆತ್ತರದ ಮೆಟ್ಟಿಲು ಕೆತ್ತಿ, ಮೇಲಿಂದ ನೀರು ಹನಿಸಿ, ಅದು ಕರಗುವುದನ್ನು ಜನರನ್ನು ಕೂರಿಸಿ ತೋರಿಸಿದರು. ಕಿಟಕಿಯ ಗಾಜಿನ ಮೇಲೆ ಉಸಿರು ಬಿಟ್ಟು ಅದನ್ನು ಪ್ರದರ್ಶನ ಅಂದರು. ಒಂದು ಬೀದಿಯನ್ನು ಒಂಬತ್ತು ಗಂಟೆ ಹೊತ್ತು ಹಿಮ್ಮುಖವಾಗಿ ನಡೆದರು. ಒಂದು ಸಭಾಂಗಣದಲ್ಲಿ ಮೂರು ದಿನ ತುಟಿ ಬಿಚ್ಚದೆ ಕೂತರು, ಅದಕ್ಕೆ ಟಿಕೆಟ್ಟೂ ಇತ್ತು.

ಅವರ ಜೊತೆಗೆ ಮನೆಯಲ್ಲಿ ಇರುವವರು ಚಿಕ್ಕಮ್ಮ ಒಬ್ಬರೇ. ತಾಯಿಯಿಲ್ಲದ ಹುಡುಗಿಯನ್ನು ಸಾಕಿ, ಹೊಲಿಗೆ ಯಂತ್ರ ತುಳಿದೇ ಕಲಾಶಾಲೆಗೆ ಕಳಿಸಿದವರು. ಎಂಬತ್ತರ ಹತ್ತಿರ ವಯಸ್ಸು, ಬಾಯಿ ಮಾತ್ರ ಇಪ್ಪತ್ತರದ್ದು. ನೆಂಟರು "ನಿಮ್ಮ ಹುಡುಗಿ ಏನು ಮಾಡ್ತಾಳೆ?" ಅಂತ ಕೇಳಿದರೆ ಮೊದಮೊದಲು "ಚಿತ್ರ ಬರೀತಾಳೆ" ಅನ್ನುತ್ತಿದ್ದರಂತೆ. ಆಮೇಲೆ "ಮಣ್ಣಿನ ಕೆಲಸ" ಅಂದರಂತೆ. ಆ ಬೀದಿಯ ಪ್ರಕರಣ ಆದ ಮೇಲೆ "ನಡೀತಾಳೆ" ಅಂದರಂತೆ. ಕೊನೆಗೆ ಬೇಸತ್ತು, "ಚೆನ್ನಾಗಿದ್ದಾಳೆ, ನೀವು ಏನು ತಗೋತೀರಿ?" ಅಂತ ಮಾತು ತಿರುಗಿಸುವುದನ್ನು ಕಲಿತರಂತೆ.

ಆ ಚಿಕ್ಕಮ್ಮನ ಕಣ್ಣಿನ ನರ ಒಣಗುತ್ತಿತ್ತು. ಇನ್ನು ಆರೇಳು ತಿಂಗಳು ಮುಖಗಳು ಕಾಣಿಸುತ್ತವೆ, ಆಮೇಲೆ ಬೆಳಕು ಯಾವುದು ಕತ್ತಲು ಯಾವುದು ಅನ್ನುವಷ್ಟು ಮಾತ್ರ ಉಳಿಯುತ್ತದೆ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಚಿಕ್ಕಮ್ಮನಿಗೆ ಎರಡು ಆಸೆ. ಹುಡುಗಿ ಇಷ್ಟು ವರ್ಷ ಮಾಡಿದ್ದೆಲ್ಲವನ್ನೂ ಒಂದೇ ಕಡೆ ಇಟ್ಟು ನೋಡಬೇಕು, ಆಗಲಾದರೂ ಅದು ಏನು ಅಂತ ಗೊತ್ತಾದೀತು. ಇನ್ನೊಂದು, ಆಕೆ ತನ್ನ ಮುಖವನ್ನು ಒಂದು ಸಲ ಬರೆಯಬೇಕು, ಅದನ್ನು ತಾನು ಕಣ್ಣಾರೆ ನೋಡಬೇಕು. "ಸಾಬೂನೆಲ್ಲ ಕೆತ್ತಿದೆ, ನನ್ನ ಮುಖ ಒಂದ್ಸಲಾನೂ ಬರೀಲಿಲ್ಲವಲ್ಲೇ ಪುಟ್ಟಿ" ಅನ್ನುವುದು ಅವರ ದೂರು. ಫೋಟೊ ಇದೆಯಲ್ಲ ಅಂದರೆ, ಗುರುತಿನ ಚೀಟಿಯಲ್ಲಿ ಇದೆ, ಅದರಲ್ಲಿ ನಾನು ಕಳ್ಳಿ ಥರ ಇದ್ದೀನಿ ಅನ್ನುತ್ತಿದ್ದರು.

ಮೂವತ್ತೈದು ವರ್ಷದ ಸರಕು ಹಿಡಿಸುವಂಥ ಸಭಾಂಗಣ ಇರುವುದು ನಮ್ಮಲ್ಲಿ ಮಾತ್ರ. ಹಾಗಾಗಿ ಅರ್ಜಿದಾರರು ನಮ್ಮ ಕಚೇರಿಯ ಮೆಟ್ಟಿಲು ಹತ್ತಿದರು.

ನಮೂನೆ ಒಂಬತ್ತನ್ನು ಕೊಟ್ಟವನು ನಾನೇ. ಅದರಲ್ಲಿ "ಅರ್ಜಿದಾರರು ಕೆಲಸ ಮಾಡಿದ ಮಾಧ್ಯಮ" ಎಂದು ಒಂದು ಚೌಕವಿದೆ, ಬೆಂಕಿಪೊಟ್ಟಣದಷ್ಟು. ಉಳಿದವರೆಲ್ಲ ಅದರಲ್ಲಿ "ಮಿಶ್ರ ಮಾಧ್ಯಮ" ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ನಾನೂ ಅದನ್ನೇ ಹೇಳಿದೆ. ಅವರು, ಮಾಡಿದ್ದನ್ನು ಮಾಡಿದ ಹಾಗೆ ಬರೆಯೋದರಲ್ಲಿ ಏನು ಕಷ್ಟ ಸರ್ ಎಂದು, ಹೆಚ್ಚುವರಿ ಹಾಳೆ ಕೇಳಿ ಪಡೆದು, ಮೂವತ್ತೇಳು ಮಾಧ್ಯಮಗಳನ್ನು ಅಂಕಿ ಹಾಕಿ ಬರೆದರು. ಇದ್ದಿಲು, ಪೆನ್ಸಿಲ್, ಜಲವರ್ಣದಿಂದ ಶುರುವಾದ ಪಟ್ಟಿ ಹಿಟ್ಟು, ಬೂದಿ, ಹಬೆ, ನೆರಳು, ಫೋಟೊ, ವಿಡಿಯೊ, ಧ್ವನಿ, ನಡಿಗೆ ಅಂತ ಹೋಗಿ ಹೋಗಿ, ಮೂವತ್ತೇಳನೆಯದಾಗಿ ಮೌನ ಎಂಬಲ್ಲಿ ನಿಂತಿತು. ಪ್ರಾಮಾಣಿಕರ ಜೊತೆ ಕಚೇರಿ ಕೆಲಸ ಮಾಡುವುದು ಬಹಳ ಕಷ್ಟ. ಸಾಧನೆ ಮುಗಿದಿದೆ ಎಂದು ಬರೆಯುವಾಗ ಮಾತ್ರ ಅವರ ಪೆನ್ನು ಒಂದು ಕ್ಷಣ ನಿಂತಿತು. ಇದು ಬರೀ ಶಾಸ್ತ್ರಕ್ಕೆ ತಾನೇ ಎಂದು ಕೇಳಿದರು. ನಮ್ಮಲ್ಲಿ ಎಲ್ಲವೂ ಶಾಸ್ತ್ರಕ್ಕೇ ಮೇಡಂ ಎಂದೆ. ಅದು ನಿಜವೂ ಹೌದು.

ನಮ್ಮ ನಿರ್ದೇಶಕರು ಅರ್ಜಿ ಓದಿ ತುಂಬಾ ಖುಷಿಪಟ್ಟರು. ಬದುಕಿರುವಾಗಲೇ ಮುಗಿದ ಕಲಾವಿದರು ಸಿಗುವುದು ಅಪರೂಪ. ಅಂಥ ಪ್ರದರ್ಶನದ ಪುಸ್ತಕಕ್ಕೆ ನಿರ್ದೇಶಕರೇ ಮುನ್ನುಡಿ ಬರೆಯುತ್ತಾರೆ, ಅವರ ಭಾವಚಿತ್ರವೂ ಇರುತ್ತದೆ. ಆಯ್ಕೆ ಸಮಿತಿಯ ಐವರಲ್ಲಿ ಮೂವರ ಮನೆಗಳಲ್ಲಿ ಅರ್ಜಿದಾರರ ಹಳೆಯ ಕೃತಿಗಳಿದ್ದವು. ಕಲಾವಿದರು ಮುಗಿದ ಮೇಲೆ ಕೃತಿಗಳಿಗೆ ಬೆಲೆ ಏರುತ್ತದೆ ಎಂಬುದು ಲೋಕಕ್ಕೇ ಗೊತ್ತಿದ್ದರೂ, ಸಮಿತಿ ಒಮ್ಮತದಿಂದ ಒಪ್ಪಿದ್ದಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ ಎಂದು ಸಮಿತಿಯೇ ನಿರ್ಣಯದಲ್ಲಿ ಬರೆದುಕೊಂಡಿದೆ.

ಮಾರನೆಯ ವಾರ ಆದೇಶ ಹೊರಟಿತು. ಹದಿನಾಲ್ಕನೆಯ ನಿಯಮದ ಪ್ರಕಾರ, ಪ್ರಮಾಣಪತ್ರ ಕೊಟ್ಟ ದಿನದಿಂದ ಪ್ರದರ್ಶನ ಮುಗಿಯುವ ದಿನದವರೆಗೆ ಅರ್ಜಿದಾರರು ತಾವು ನಮೂದಿಸಿದ ಯಾವುದೇ ಮಾಧ್ಯಮದಲ್ಲಿ ಏನನ್ನೂ ಮಾಡಕೂಡದು. ಮಾಡದೆ ಇರುವುದನ್ನು ನೋಡಿಕೊಳ್ಳಲು ಒಬ್ಬ ಮೇಲ್ವಿಚಾರಕ ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ಅವರ ಮನೆಯಲ್ಲಿ ಇರತಕ್ಕದ್ದು. ಆ ಮೇಲ್ವಿಚಾರಕ ನಾನು.

ಐದೂವರೆಯ ಮೇಲೆ ಅವರು ಏನು ಬೇಕಾದರೂ ಮಾಡಿಕೊಳ್ಳಬಹುದಿತ್ತಲ್ಲ ಎಂದು ನನ್ನ ಹೆಂಡತಿ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಆದರೆ ಅರ್ಜಿದಾರರು ಸಹಿ ಅಂದರೆ ಸಹಿ ಎನ್ನುವ ಜಾತಿಯವರು. ಮೊದಲನೆಯ ದಿನವೇ ಮನೆಯಲ್ಲಿದ್ದ ಪೆನ್ಸಿಲ್ಲುಗಳನ್ನೆಲ್ಲ ತಾವೇ ಹುಡುಕಿ ತಂದು, ಫೋನಿನ ಪಕ್ಕ ದಾರ ಕಟ್ಟಿ ನೇತುಹಾಕಿದ್ದ ಮೋಟು ಪೆನ್ಸಿಲ್ಲನ್ನೂ ಬಿಚ್ಚಿ, ನನ್ನ ಮುಂದೆ ಇಟ್ಟರು. ನಾನು ಅವನ್ನು ಲಕೋಟೆಗೆ ಹಾಕಿ ಅರಗು ಮುದ್ರೆ ಒತ್ತಿದೆ.

ಮಾಡದೆ ಇರುವುದು ಅಷ್ಟು ಸುಲಭದ ಕೆಲಸವಲ್ಲ ಎಂಬುದು ಒಂದೆರಡು ದಿನದಲ್ಲೇ ಗೊತ್ತಾಯಿತು. ಹಿಟ್ಟು ಪಟ್ಟಿಯಲ್ಲಿತ್ತು. ಹಾಗಂತ ಹಿಟ್ಟು ಕಲಸಬಾರದು ಅಂದರೆ ಮೂವರೂ ಉಪವಾಸ ಬೀಳಬೇಕು. ನಾನೇ ವಿವೇಚನೆ ಬಳಸಿ, ಕಲಸಬಹುದು, ಆದರೆ ದುಂಡಗೆ ಮಾತ್ರ ಲಟ್ಟಿಸತಕ್ಕದ್ದು, ಬೇರೆ ಆಕಾರ ಬಂದರೆ ಲಿಖಿತ ವಿವರಣೆ ಕೊಡತಕ್ಕದ್ದು ಎಂದು ಸುತ್ತೋಲೆ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ನೀರು ಕಾಯಿಸಿದಾಗ ಕಿಟಕಿಯ ಗಾಜಿನ ಮೇಲೆ ಹಬೆ ಕೂರುತ್ತಿತ್ತು, ನಾನು ಎದ್ದು ಒರೆಸುತ್ತಿದ್ದೆ. ನಡಿಗೆ ಇಪ್ಪತ್ತೊಂಬತ್ತನೆಯ ಕ್ರಮಾಂಕ, ಆದ್ದರಿಂದ ಎಲ್ಲಿಗೆ ಹೋಗುತ್ತೇನೆ ಎಂದು ಮೊದಲೇ ಹೇಳಿ ನಡೆದರೆ ಅದು ಕಲೆಯಲ್ಲ ಎಂದು ತೀರ್ಮಾನಿಸಿದೆವು. ಬಹಳ ತಲೆನೋವು ಕೊಟ್ಟದ್ದು ಮೌನ. ಅರ್ಜಿದಾರರು ಮೊದಲೇ ಮಿತಭಾಷಿ. ಬರೀ ಮಾತಾಡದೆ ಇದ್ದಾರೋ ಮೌನದಲ್ಲಿ ಕೆಲಸ ಮಾಡುತ್ತಿದ್ದಾರೋ ಎಂದು ಹೊರಗಿನಿಂದ ಹೇಳುವುದು ಹೇಗೆ? ಹತ್ತು ನಿಮಿಷಕ್ಕೊಮ್ಮೆ ಒಂದು "ಹೂಂ" ಅನ್ನಿ ಮೇಡಂ ಎಂದು ಕೇಳಿಕೊಂಡೆ. ಅವರು ಅಂದರು. ಚಿಕ್ಕಮ್ಮ ಒಳಗಿನಿಂದ, ಯಾರಿಗೆ ಕಥೆ ಹೇಳ್ತಿದ್ದೀಯಪ್ಪಾ, ಹೂಂಗುಡ್ತಾ ಇದ್ದಾಳೆ ಎಂದು ಕೂಗಿ ಕೇಳಿದರು.

ಮೊದಲು ಗೊತ್ತಾದಂತೆ ಆರು ವಾರದಲ್ಲಿ ಪ್ರದರ್ಶನ ನಡೆದಿದ್ದರೆ ಇದನ್ನೆಲ್ಲ ಎಲ್ಲರೂ ಸಹಿಸಿಕೊಳ್ಳುತ್ತಿದ್ದರು, ಆಮೇಲೆ ಚಿಕ್ಕಮ್ಮನ ಮುಖ ಬರೆಯಲು ಕಾಲ ಇರುತ್ತಿತ್ತು. ಆದರೆ ಪ್ರದರ್ಶನ ನಾಲ್ಕು ತಿಂಗಳು ಮುಂದಕ್ಕೆ ಹೋಯಿತು. ಅರ್ಜಿದಾರರ ಸಾಧನೆ ಮುಗಿದಿತ್ತು, ನಿರ್ದೇಶಕರ ಮುನ್ನುಡಿ ಮುಗಿದಿರಲಿಲ್ಲ.

ಮುಂದೂಡಿಕೆಯ ಪತ್ರ ಓದಿ ಅರ್ಜಿದಾರರು ಬೆರಳು ಮಡಿಚಿ ತಿಂಗಳು ಎಣಿಸಿದರು. ಆ ದಿನ ಚಿಕ್ಕಮ್ಮ ಕಿಟಕಿಯ ಹತ್ತಿರ ಕೂತು ಸೂಜಿಗೆ ದಾರ ಪೋಣಿಸಲು ಹೋಗಿ ನಾಲ್ಕು ಸಲ ತಪ್ಪಿದ್ದರು. ಒಂದೇ ಒಂದು ಚಿತ್ರ, ಪೆನ್ಸಿಲ್ಲಿನದು, ಮನೆಯೊಳಗೇ ಇರುತ್ತದೆ, ಯಾರಿಗೂ ತೋರಿಸುವುದಿಲ್ಲ ಎಂದು ಅರ್ಜಿದಾರರು ವಿನಂತಿ ಪತ್ರ ಬರೆದುಕೊಟ್ಟರು. ಪೆನ್ಸಿಲ್ ಎರಡನೆಯ ಕ್ರಮಾಂಕದಲ್ಲಿರುವುದರಿಂದ ವಿನಂತಿ ತಿರಸ್ಕೃತವಾಯಿತು. ಹಾಗಾದರೆ ಅರ್ಜಿಯೇ ಬೇಡ, ವಾಪಸ್ ತಗೋತೀನಿ ಅಂದರು. ನಾನು ಹತ್ತೊಂಬತ್ತನೆಯ ನಿಯಮ ತೆಗೆದು ತೋರಿಸಬೇಕಾಯಿತು. ಅರ್ಜಿ ವಾಪಸ್ ಪಡೆದರೆ ಪ್ರದರ್ಶನ ರದ್ದಾಗುತ್ತದೆ, ಸಾಧನೆ ಮುಗಿದಿರುವುದು ರದ್ದಾಗುವುದಿಲ್ಲ. ಮುಗಿದದ್ದು ಮುಗಿದದ್ದೇ. ಅತ್ತ ದರಿ, ಇತ್ತ ಪುಲಿ. ಅವರು ಆ ದಿನ ಹತ್ತು ನಿಮಿಷದ ಹೂಂ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಇನ್ನು ನನ್ನ ದಿನಚರಿ ಪುಸ್ತಕದ ವಿಷಯ. ಪ್ರತಿ ದಿನವೂ ಏನು ನಡೆಯಲಿಲ್ಲ ಎಂಬುದನ್ನು ಅದರಲ್ಲಿ ಬರೆದು, ಕೆಳಗೆ ಅರ್ಜಿದಾರರ ಸಹಿ ಪಡೆಯಬೇಕು. ಅದರ ಎಂಟನೆಯ ಅಂಕಣ "ಸ್ಥಳದ ನಕ್ಷೆ". ಅಲ್ಲಿಯವರೆಗೆ ಅದನ್ನು ಖಾಲಿ ಬಿಟ್ಟಿದ್ದೆ. ವಿನಂತಿ ತಿರಸ್ಕೃತವಾದ ಮೇಲೆ ನಿರ್ದೇಶಕರು ಅನುಮಾನಪಟ್ಟರು. ಚಿಕ್ಕಮ್ಮ ದಿನಾ ಹನ್ನೊಂದು ಗಂಟೆಗೆ ಕಿಟಕಿಯ ಹತ್ತಿರ ಕೂರುತ್ತಾರೆ, ಅರ್ಜಿದಾರರು ಎದುರಿಗೇ ಕೂರುತ್ತಾರೆ, ಚಿತ್ರ ಬರೆಯುತ್ತಿಲ್ಲ ಎನ್ನುವುದಕ್ಕೆ ಸಾಕ್ಷಿ ಎಲ್ಲಿ ಎಂದು ಕೇಳಿದರು. ಚಿಕ್ಕಮ್ಮ ಕೂತಿದ್ದಾರೆ, ಅವರ ಚಿತ್ರವನ್ನು ಯಾರೂ ಬರೆಯುತ್ತಿಲ್ಲ ಎಂಬುದನ್ನು ಪ್ರತಿದಿನ ಎಂಟನೆಯ ಅಂಕಣದಲ್ಲಿ ಚಿತ್ರ ಬರೆದು ತೋರಿಸತಕ್ಕದ್ದು ಎಂದು ಆಜ್ಞೆಯಾಯಿತು.

ನನಗೆ ಚಿತ್ರ ಬರೆಯಲು ಬರುವುದಿಲ್ಲ. ಶಾಲೆಯಲ್ಲಿ ಹಸು ಬರೆದಾಗ ಮೇಷ್ಟ್ರು, ಮಂಚ ಚೆನ್ನಾಗಿದೆ ಅಂದಿದ್ದರು. ಆದರೂ ಆಜ್ಞೆ ಆಜ್ಞೆಯೇ. ಕಚೇರಿಯ ಪೆನ್ಸಿಲ್ ಚೂಪು ಮಾಡಿಕೊಂಡು ಒಂದು ಕುರ್ಚಿ, ಅದರ ಮೇಲೊಂದು ಕುಂಬಳಕಾಯಿ, ಕಾಯಿಗೊಂದು ಕನ್ನಡಕ ಬರೆದೆ. ಸಂಜೆ ಸಹಿಗೆಂದು ಪುಸ್ತಕ ಚಾಚಿದಾಗ ಅರ್ಜಿದಾರರು ಆ ಪುಟವನ್ನು ಬಹಳ ಹೊತ್ತು ನೋಡಿದರು.

"ಕಿವಿ ಇಷ್ಟು ಮೇಲೆ ಇರಲ್ಲ ಸರ್" ಅಂದರು.

ಅರ್ಜಿದಾರರಿಗೆ ಆಕ್ಷೇಪಣೆ ಎತ್ತುವ ಹಕ್ಕಿದೆ. ನಾನು ಆಕ್ಷೇಪಣೆಯನ್ನು ದಾಖಲಿಸಿ, ಮಾರನೆಯ ದಿನ ಕಿವಿಯನ್ನು ಕೆಳಗೆ ಇಳಿಸಿದೆ. ಆ ದಿನ ಮೂಗಿನ ಬಗ್ಗೆ ಆಕ್ಷೇಪಣೆ ಬಂತು. ಸಂಜೆಯವರೆಗೆ ಕಾಯುವುದು ಏಕೆಂದು ಅವರು ನಾನು ಬರೆಯುತ್ತಿರುವಾಗಲೇ ಪಕ್ಕದಲ್ಲಿ ಕೂತು ಆಕ್ಷೇಪಿಸತೊಡಗಿದರು. ಕೈಗಳೆರಡನ್ನೂ ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂರುತ್ತಿದ್ದರು. ಎಡ ಹುಬ್ಬು ಬಲದ್ದಕ್ಕಿಂತ ಕೂದಲೆಳೆಯಷ್ಟು ಮೇಲಿದೆ ನೋಡಿ, ಅರವತ್ತು ವರ್ಷ ಸೂಜಿಗೆ ದಾರ ಪೋಣಿಸಿದ್ದಾರೆ, ಒಂದು ಕಣ್ಣು ಕಿರಿದಾಗಿಹೋಗಿದೆ ಅನ್ನುತ್ತಿದ್ದರು. ಕೆಳತುಟಿಯಲ್ಲಿ ಒಂದು ಸಣ್ಣ ಗುಳಿ ಇದೆ, ದಾರ ಕಚ್ಚಿ ಹರಿಯೋ ಜಾಗ ಅದು, ಬಿಟ್ಟುಬಿಡಬೇಡಿ ಅನ್ನುತ್ತಿದ್ದರು. "ಗೆರೆ ಆಮೇಲೆ ಎಳೀರಿ ಸರ್. ಮೊದಲು ನೋಡಿ." ಆಕ್ಷೇಪಣೆಗಳ ಸಂಖ್ಯೆ ದಿನಕ್ಕೆ ನಲವತ್ತು ದಾಟಿತು.

ನಿಜ ಹೇಳುತ್ತೇನೆ, ಹತ್ತು ಹನ್ನೆರಡು ದಿನದಲ್ಲಿ ನನಗೆ ಹನ್ನೊಂದು ಗಂಟೆ ಯಾವಾಗ ಆಗುತ್ತದೋ ಅನಿಸತೊಡಗಿತು. ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿಯ ಕೆನ್ನೆಯ ಮೂಳೆಯನ್ನೇ ನೋಡುತ್ತಿದ್ದೆ. ಏನಾಗಿದೆ ನಿಮಗೆ, ಮದುವೆಯಾಗಿ ಇಷ್ಟು ವರ್ಷದ ಮೇಲೆ ಎಂದು ಅವಳು ಗದರಿದಳು. ಕುಂಬಳಕಾಯಿ ಹೋಗಿ ತಲೆ ಬಂದಿತ್ತು, ತಲೆ ಹೋಗಿ ಮುಖ ಬರುತ್ತಿತ್ತು.

ಆದರೂ ನಾನು ಕದ್ದುಮುಚ್ಚಿ ಏನೂ ಮಾಡುವವನಲ್ಲ. ಕಚೇರಿಗೆ ಹೋಗಿ ನಿರ್ದೇಶಕರ ಮುಂದೆ ನಿಂತು, ಅರ್ಜಿದಾರರು ಆಕ್ಷೇಪಣೆಗಳ ಮೂಲಕ ನನ್ನ ಕೈಯಿಂದ ಚಿತ್ರ ಬರೆಸುತ್ತಿರುವಂತೆ ಕಾಣುತ್ತದೆ, ಇದು ಉಲ್ಲಂಘನೆಯೋ ಎಂದು ಕೇಳಿದೆ. ಅವರು ಪಟ್ಟಿ ತರಿಸಿದರು. ಒಂದರಿಂದ ಮೂವತ್ತೇಳರವರೆಗೆ ಬೆರಳಿಟ್ಟು ಓದಿದರು. "ನೀನು ಇದರಲ್ಲಿ ಇಲ್ಲವಲ್ಲಯ್ಯ" ಅಂದರು. ಬೂದಿಗೆ ಜಾಗವಿದೆ, ಸಾಬೂನಿಗೆ ಜಾಗವಿದೆ, ಇಪ್ಪತ್ತಾರು ವರ್ಷ ಸೇವೆ ಮಾಡಿದ ನನಗೆ ಇಲ್ಲ ಎಂದು ಸ್ವಲ್ಪ ಬೇಜಾರಾಯಿತು. ಆದರೆ ಅನುಮತಿ ಸಿಕ್ಕಿದಂತಾಯಿತು.

ಚಿಕ್ಕಮ್ಮ ಮಾತ್ರ ಆ ಪುಸ್ತಕವನ್ನು ಒಂದು ದಿನವೂ ನೋಡಲಿಲ್ಲ. ನಾನು ತೋರಿಸಲಿಲ್ಲ ಅಂತಲ್ಲ, ಅವರೇ ಬೇಡವೆಂದರು. ಅರ್ಧ ಹೊಲಿದ ಬಟ್ಟೆಯನ್ನು ಗಿರಾಕಿಗೆ ತೋರಿಸಬಾರದು, ತೋರಿಸಿದರೆ ಕೆಲಸ ಕೆಡುತ್ತೆ ಎನ್ನುವುದು ಅವರ ಅರವತ್ತು ವರ್ಷದ ಕಟ್ಟುನಿಟ್ಟು. ಪೂರ್ತಿಯಾದ ದಿನ ಕೊಡಿ, ಬೆಳಕಿನಲ್ಲಿ ಹಿಡಿದು ನೋಡ್ತೀನಿ ಅಂದರು. ಅಷ್ಟರಲ್ಲಿ ಅವರಿಗೆ ನನ್ನ ಮುಖ ಕಿಟಕಿಯ ಹತ್ತಿರ ಬಂದರೆ ಮಾತ್ರ ಕಾಣುತ್ತಿತ್ತು.

ಇಪ್ಪತ್ಮೂರನೆಯ ದಿನ ಅರ್ಜಿದಾರರು ನಲವತ್ತಲ್ಲ, ಮೂರೇ ಆಕ್ಷೇಪಣೆ ಎತ್ತಿದರು. ಆಮೇಲೆ ತೊಡೆಯ ಕೆಳಗಿನಿಂದ ಕೈ ತೆಗೆದರು. "ಆಯಿತು ಸರ್. ಇನ್ನು ಪೆನ್ಸಿಲ್ ಕೆಳಗಿಡಿ" ಅಂದರು. ಅವರ ಕಣ್ಣಲ್ಲಿ ನೀರಿತ್ತು. ಪುಟದಲ್ಲಿ ಚಿಕ್ಕಮ್ಮ ಕೂತಿದ್ದರು. ಹುಬ್ಬು, ತುಟಿಯ ಗುಳಿ, ಯಾರನ್ನೋ ಈಗ ಬೈಯುತ್ತಾರೆ ಅನ್ನುವಂಥ ಗಲ್ಲ, ಎಲ್ಲ ಇತ್ತು. ನನ್ನ ಜನ್ಮದಲ್ಲಿ ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಅದು. ನನ್ನದೋ ಅವರದೋ ಎಂಬುದು ಬೇರೆ ಮಾತು.

ಚಿಕ್ಕಮ್ಮ ಎರಡು ಹೆಜ್ಜೆ ಆಚೆಗೆ ಕೂತಿದ್ದರು. ಪುಸ್ತಕ ತಿರುಗಿಸಿ ಹಿಡಿದರೆ ಮುಗಿಯುತ್ತಿತ್ತು. ನಾನು ಹಿಡಿಯಲಿಲ್ಲ. ಪೂರ್ತಿಯಾದ ಪುಟಕ್ಕೆ ಕಚೇರಿಯ ಮೊಹರು ಬೀಳಬೇಕು, ಬೀಳದಿದ್ದರೆ ಅದು ಪೂರ್ತಿಯಾದ ಹಾಗಲ್ಲ, ಹತ್ತು ನಿಮಿಷದ ಕೆಲಸ, ನಾಳೆ ಬೆಳಿಗ್ಗೆ ಹತ್ತಕ್ಕೆ ತಂದು ತೋರಿಸುತ್ತೇನೆ ಅಂದೆ. ಚಿಕ್ಕಮ್ಮನೂ ತಲೆಯಾಡಿಸಿದರು. "ಹೌದಪ್ಪ, ಗುಂಡಿ ಹಾಕದೆ ಕೊಟ್ಟ ಹಾಗಾಗುತ್ತೆ. ಮುಗಿಸಿಕೊಂಡೇ ಬಾ." ಆ ಒಂದು ಮೊಹರಿಗಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ. ಕಾರ್ಯವಿಧಾನದ ದೃಷ್ಟಿಯಿಂದ ಮಾತ್ರ ಅದು ಸರಿಯಾಗಿಯೇ ಇತ್ತು.

ಮೊಹರು ಇರುವುದು ನಿರ್ದೇಶಕರ ಮೇಜಿನ ಮೇಲೆ. ಅವರು ಪುಟ ನೋಡಿದರು, ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು, ಬಾಗಿಲು ಹಾಕಿಸಿದರು. ಇಷ್ಟು ಚೆನ್ನಾಗಿ ಬರುತ್ತದೆ ಎಂದು ನೀನು ನನಗೆ ಹೇಳಲಿಲ್ಲ ಎಂದು ಸಿಟ್ಟಾದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಗತಿಯೇನು ಅಂದರು. ಅಂದೇ ರಾತ್ರಿ ಸಮಿತಿ ಸೇರಿತು.

ಸಮಿತಿಯ ಮುಂದಿದ್ದ ಪ್ರಶ್ನೆ ಸರಳವಾಗಿತ್ತು. ಚಿತ್ರ ಅರ್ಜಿದಾರರದು ಎಂದಾದರೆ ಸಾಧನೆ ಮುಗಿದಿಲ್ಲ, ಪ್ರದರ್ಶನ ರದ್ದು, ಅಚ್ಚಿನಲ್ಲಿರುವ ಮುನ್ನುಡಿಯೂ ರದ್ದು. ನನ್ನದು ಎಂದಾದರೆ ನಾನು ಕಚೇರಿ ವೇಳೆಯಲ್ಲಿ ಖಾಸಗಿ ಕಲೆಯಲ್ಲಿ ತೊಡಗಿದ್ದೇನೆ, ಅಮಾನತು ಆಗಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎರಡು ಗಂಟೆ ಚರ್ಚಿಸಿ, ಸದರಿ ಚಿತ್ರವನ್ನು ಯಾರೂ ಬರೆದಿರುವುದಿಲ್ಲ, ಅದು ಕಚೇರಿಯ ಕಡತದಲ್ಲಿ ಉಂಟಾದ ದಾಖಲೆಯಾಗಿರುತ್ತದೆ ಎಂದು ನಿರ್ಣಯಿಸಲಾಯಿತು. ದಾಖಲೆಯಾದ್ದರಿಂದ ಪುಸ್ತಕ ದಾಖಲೆ ಕೊಠಡಿ ಸೇರಿತು. ಅದನ್ನು ನೋಡಬೇಕಾದವರು ಪ್ರತಿಗೆ ಅರ್ಜಿ ಹಾಕಬೇಕು.

ಮಾರನೆಯ ದಿನ ಹತ್ತು ಗಂಟೆಗೆ ನಾನು ಬರಿಗೈಯಲ್ಲಿ ಹೋದೆ. ಚಿಕ್ಕಮ್ಮ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು, ಕಿಟಕಿಯ ಪರದೆ ಸರಿಸಿಕೊಂಡು ಕೂತಿದ್ದರು. ಕಚೇರಿ ಅಂದರೆ ಹಾಗೇ ಬಿಡಪ್ಪ ಎಂದು ಅವರೇ ನನಗೆ ಸಮಾಧಾನ ಹೇಳಿ, ಅರ್ಜಿಗೆ ಸಹಿ ಹಾಕಿದರು.

ಅರ್ಜಿ ನಿಯಮಾನುಸಾರ ಸಾಗಿತು. ಚಿತ್ರದಲ್ಲಿ ಒಬ್ಬ ವ್ಯಕ್ತಿಯ ಮುಖ ಇರುವುದರಿಂದ ಆ ವ್ಯಕ್ತಿಯ ಖಾಸಗಿತನ ಕಾಪಾಡಬೇಕು ಎಂದು ದಾಖಲೆ ಕೊಠಡಿಯವರು ಬರೆದರು. ಆ ವ್ಯಕ್ತಿ ನಾನೇ ಎಂದು ಚಿಕ್ಕಮ್ಮ ಉತ್ತರ ಬರೆಸಿದರು. ಹೌದೋ ಅಲ್ಲವೋ ತಿಳಿಯಲು ಚಿತ್ರದ ಮುಖವನ್ನೂ ಅವರ ಮುಖವನ್ನೂ ಹೋಲಿಸಬೇಕು, ಆದರೆ ಅವರೇ ಎಂದು ಖಚಿತವಾಗದೆ ಚಿತ್ರದ ಮುಖವನ್ನು ಹೋಲಿಕೆಗಾಗಿ ತೆರೆಯುವಂತಿಲ್ಲ ಎಂದು ಮರು ಉತ್ತರ ಬಂತು. ನಾನು ಸಾಕ್ಷಿ ಹೇಳುತ್ತೇನೆ ಅಂದೆ. ಚಿತ್ರವನ್ನು ಯಾರೂ ಬರೆದಿಲ್ಲ ಎಂದು ನಿರ್ಣಯವಾಗಿರುವಾಗ ನೀವು ಅದನ್ನು ಕಂಡದ್ದು ಹೇಗೆ ಎಂದು ನನಗೇ ವಿವರಣೆ ಕೇಳಿದರು. ಹೀಗೆ ಕಾಗದ ಹೋಗಿ ಬಂದು, ಬಂದು ಹೋಗಿ ಮಾಡುತ್ತಿರುವಾಗ, ಅರ್ಜಿದಾರರು ದಿನಾ ಸಂಜೆ ಚಿಕ್ಕಮ್ಮನ ಮುಂದೆ ಬೆರಳು ಹಿಡಿದು ಎಷ್ಟು ಎಂದು ಕೇಳುತ್ತಿದ್ದರು. ಮೊದಲು ಚಿಕ್ಕಮ್ಮ ಸರಿಯಾಗಿ ಹೇಳುತ್ತಿದ್ದರು. ಆಮೇಲೆ ಊಹಿಸುತ್ತಿದ್ದರು. ಒಂದು ದಿನ, ಕೈ ಎಲ್ಲಿದೆ ಪುಟ್ಟಿ ಎಂದು ಕೇಳಿದರು. ಆ ದಿನದಿಂದ ಅರ್ಜಿದಾರರು ಬೆರಳು ಹಿಡಿಯಲಿಲ್ಲ.

ಪ್ರದರ್ಶನಕ್ಕೆ ಮೂರು ದಿನ ಇರುವಾಗ ದೃಢೀಕೃತ ಪ್ರತಿ ಬಂತು. ನಾಲ್ಕು ಮೂಲೆಗೂ ಮೊಹರು. ಕುರ್ಚಿ ಇತ್ತು, ಕಿಟಕಿ ಇತ್ತು, ಸೀರೆಯ ನೆರಿಗೆ ಇತ್ತು. ಮುಖ ಇರಬೇಕಾದ ಕಡೆ ಗಾಢ ಮಸಿಯ ದೊಡ್ಡ ಚೌಕ, ಎದುರಿನ ಗೋಡೆಯಿಂದ ನೋಡಿದರೂ ಎದ್ದು ಕಾಣುವಂಥದ್ದು. ಬಹಳ ಅಚ್ಚುಕಟ್ಟಾಗಿ ಬಳಿದಿದ್ದರು, ಒಂದು ಹನಿಯೂ ಆಚೆ ಹೋಗಿರಲಿಲ್ಲ. ಅರ್ಜಿದಾರರು ಅದನ್ನು ನೋಡಿ ಮೇಜಿನ ಮೇಲೆ ಮಗುಚಿ ಇಟ್ಟರು. ಚಿಕ್ಕಮ್ಮ ಕಾಗದವನ್ನು ಕೈಗೆ ತಗೊಂಡು ಅಂಚು ಸವರಿ, ಇದನ್ನೂ ಎಲ್ಲದರ ಜೊತೆಯಲ್ಲೇ ಗೋಡೆಗೆ ಹಾಕಿಸು ಅಂದರು. ಅದು ಕೃತಿಯಲ್ಲ, ದಾಖಲೆ, ಆದ್ದರಿಂದ ಸಾಧನೆ ಮುಗಿದಿರುವುದಕ್ಕೆ ಯಾವ ಧಕ್ಕೆಯೂ ಇಲ್ಲ ಎಂದು ನಿರ್ದೇಶಕರು ಕೂಡಲೇ ಅನುಮತಿ ಕೊಟ್ಟರು. ಅವರದು ದೊಡ್ಡ ಮನಸ್ಸು.

ಪ್ರದರ್ಶನದ ದಿನ ಬಾಗಿಲಲ್ಲಿ ಪ್ರಕಟಣೆ ಹಾಕಿದ್ದೆವು: "ಕಲಾವಿದರು ಸಭಾಂಗಣದಲ್ಲಿ ಹಾಜರಿರುತ್ತಾರೆ. ಅವರ ಸಾಧನೆ ಮುಗಿದಿರುವುದರಿಂದ ಮುಂದೇನು ಎಂದು ಯಾರೂ ಅವರನ್ನು ಕೇಳಬಾರದು." ಜನ ಕಿಕ್ಕಿರಿದಿದ್ದರು. ನಿರ್ದೇಶಕರು ಮುನ್ನುಡಿಯನ್ನು ಪೂರ್ತಿ ಓದಿದರು. ಒಬ್ಬ ದೊಡ್ಡ ವಿಮರ್ಶಕರು ಇದ್ದಿಲು, ಮಣ್ಣು, ಸಾಬೂನು ಎಲ್ಲವನ್ನೂ ಸರಸರ ದಾಟಿ ಬಂದು ದೃಢೀಕೃತ ಪ್ರತಿಯ ಮುಂದೆ ನಿಂತುಬಿಟ್ಟರು. ಮೂವತ್ತೈದು ವರ್ಷದ ಹುಡುಕಾಟ ಈ ಕಪ್ಪಿನಲ್ಲಿ ಬಂದು ನಿಂತಿದೆ, ಇದೇ ಇವರ ಶ್ರೇಷ್ಠ ಕೃತಿ ಎಂದು ಘೋಷಿಸಿದರು. ಸಮಿತಿಯ ಸದಸ್ಯರು ಹೌದು ಹೌದು ಅಂದರು, ಇಬ್ಬರು ಅದಕ್ಕೆ ಬೆಲೆಯನ್ನೂ ವಿಚಾರಿಸಿದರು. ದಾಖಲೆ ಕೊಠಡಿಯ ಗುಮಾಸ್ತರು ಹಿಂದೆ ನಿಂತು, ಮಸಿ ಬಳಿದದ್ದು ನಾನು ಎಂದು ಪಕ್ಕದವರಿಗೆ ಹೇಳುತ್ತಿದ್ದರು.

ಚಿಕ್ಕಮ್ಮನನ್ನು ಅರ್ಜಿದಾರರು ಕೈಹಿಡಿದು ಒಂದೊಂದರ ಮುಂದೆಯೂ ನಿಲ್ಲಿಸುತ್ತಾ ಬಂದರು. ಬಿಳಿ ಗೋಡೆ, ಬಿಳಿ ದೀಪ. ಚಿಕ್ಕಮ್ಮ ಎಲ್ಲದಕ್ಕೂ, ಇರಲಿ, ಚೆನ್ನಾಗಿರುತ್ತೆ ಅನ್ನುತ್ತಿದ್ದರು. ಅವರಿಗೆ ಏನೂ ಕಾಣುತ್ತಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಕೊನೆಯ ಗೋಡೆಯ ಹತ್ತಿರ ಬಂದಾಗ ಯಾರೂ ನಿಲ್ಲಿಸದೆ ತಾವೇ ನಿಂತರು. ಕೈ ಬಿಡಿಸಿಕೊಂಡು ಮುಂದೆ ಹೋದರು. ಮುಖವನ್ನು ಹತ್ತಿರ ತಂದರು.

"ಪುಟ್ಟಿ, ಇದು ಕಾಣ್ತಿದೆ ಕಣೇ."

ಸಭಾಂಗಣದಲ್ಲಿ ಅವರಿಗೆ ಕಾಣುವಷ್ಟು ಕಪ್ಪಾದದ್ದು ಅದೊಂದೇ ಇತ್ತು.

"ಇದು ನಾನೇ ತಾನೇ?"

ಅರ್ಜಿದಾರರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಹೌದು ಚಿಕ್ಕಮ್ಮ. ನೀನೇ."

ಚಿಕ್ಕಮ್ಮ ಬಹಳ ಹೊತ್ತು ಕಣ್ತುಂಬ ನೋಡಿದರು. ಮಸಿಯ ಚೌಕದ ಮುಂದೆ ಸೆರಗು ಸರಿಮಾಡಿಕೊಂಡರು. "ಚೆನ್ನಾಗಿ ಬಂದಿದೆ" ಅಂದರು. "ನೀನೇ ಬರೆದದ್ದಾ?"

"ಇಲ್ಲ, ಕಚೇರಿಯವರು ಬರೆದುಕೊಟ್ಟರು" ಎಂದು ಅರ್ಜಿದಾರರು ಹೇಳಿದರು. ನಿರ್ಣಯಕ್ಕೆ ಚ್ಯುತಿ ಬಾರದ ಉತ್ತರ ಅದು.

ಚಿಕ್ಕಮ್ಮ ನನ್ನ ಉಸಿರಿನ ಸದ್ದು ಬಂದ ಕಡೆ ತಿರುಗಿ ಎರಡೂ ಕೈ ಮುಗಿದರು. ಕಣ್ಣು ಪೂರ್ತಿ ಹೋಗೋದರೊಳಗೆ ನನ್ನ ಮುಖ ತೋರಿಸಿದಿರಿ, ನಿಮ್ಮ ಕಚೇರಿ ತಣ್ಣಗಿರಲಿ ಅಂದರು. ನಿರ್ದೇಶಕರು ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು, ಅರ್ಜಿದಾರರೂ ತಟ್ಟಿದರು. ನಾನು ಇಲಾಖೆಯ ಪರವಾಗಿ, ಅದು ನಮ್ಮ ಕರ್ತವ್ಯ ಅಮ್ಮಾ ಎಂದು ಹೇಳಿ, ಸ್ವೀಕೃತಿ ಪುಸ್ತಕದಲ್ಲಿ ಅವರ ಬೆರಳನ್ನು ಸರಿಯಾದ ಗೆರೆಯ ಮೇಲೆ ಇಟ್ಟು ಸಹಿ ಹಾಕಿಸಿಕೊಂಡೆ.